ನಾಲ್ಕನೆಯ ಸಲ ತೊಳೆದ ಸೀಸೆಗಳು

ಸೀಸೆಯಕ್ಕ ಕೂತಿದ್ದನ್ನು ನಾನು ಹದಿನಾಲ್ಕು ವರ್ಷಗಳಲ್ಲಿ ಎರಡೇ ಸಲ ನೋಡಿದ್ದೇನೆ. ಒಮ್ಮೆ, ಅವಳ ಗಂಡ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದ ದಿನ. ಇನ್ನೊಂದು ಸಲದ್ದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಉಳಿದ ದಿನಗಳಲ್ಲೆಲ್ಲ ಅವಳು ಕಾಲಿಗೆ ಚಕ್ರ ಕಟ್ಟಿಕೊಂಡವಳು. ಟೀ ಕುಡಿಯುವುದು ನಿಂತು, ಬಯ್ಯುವುದು ನಡೆಯುತ್ತ. "ಅಕ್ಕಾ, ಒಂದು ನಿಮಿಷ ಕೂತ್ಕೋ, ನಿನ್ನ ನೋಡಿ ನಂಗೇ ಕಾಲು ನೋಯ್ತಿದೆ" ಎಂದರೆ, "ನೀನು ಕೂತಿದೀಯಲ್ಲ, ನನ್ನ ಪಾಲಿಂದೂ ನೀನೇ ಕೂತ್ಕೋ" ಎನ್ನುತ್ತಿದ್ದಳು.

ನಾನು ಕೂರುವ ಕೆಲಸದವಳೇ, ವರದಿ ಟೈಪ್ ಮಾಡುವವಳು. ನಮ್ಮದು ಸರ್ಕಾರದ ಪರೀಕ್ಷಾಲಯ. ಅಂಗಡಿಯಲ್ಲಿ ಮಾರುವ ಆಟಿಕೆ, ಹಾಲಿನ ಬಾಟಲಿ, ಊಟದ ಡಬ್ಬಿ, ಶಾಂಪೂ, ಮುಖಕ್ಕೆ ಹಚ್ಚುವ ಕ್ರೀಮು, ಇಂಥವುಗಳಲ್ಲಿ ಮೈಯ ಹಾರ್ಮೋನುಗಳನ್ನು ದಾರಿ ತಪ್ಪಿಸುವ ರಾಸಾಯನಿಕಗಳು ಎಷ್ಟಿವೆ ಎಂದು ಇಲ್ಲಿ ನೋಡುತ್ತಾರೆ. ಹಾರ್ಮೋನು ಎಂದರೆ ಮೈಯ ಒಂದು ಅಂಗ ಇನ್ನೊಂದಕ್ಕೆ ಕಳಿಸುವ ಓಲೆ ಎಂದು ನಮ್ಮ ಕೆಮಿಸ್ಟ್ ನನಗೆ ತಿಳಿಸಿಕೊಟ್ಟಿದ್ದರು. ಈ ರಾಸಾಯನಿಕಗಳು ಅದೇ ಕೈಬರಹದಲ್ಲಿ ಕಳ್ಳ ಓಲೆ ಬರೆಯುತ್ತವಂತೆ. ಎಷ್ಟು ಹೊಕ್ಕರೆ ಎಷ್ಟು ಕೆಡುಕು ಎಂದು ಕೇಳಿದರೆ ಮಾತ್ರ ಯಾರೂ ಖಡಾಖಂಡಿತವಾಗಿ ಹೇಳುವುದಿಲ್ಲ. ಅದಕ್ಕೇ ಒಂದು ಮಿತಿ ಹಾಕಿದ್ದಾರೆ. ಮಿತಿಯೊಳಗಿದ್ದರೆ ಮಾರಬಹುದು, ಮೀರಿದರೆ ಅಂಗಡಿಗಳಿಂದ ಎತ್ತಿಸಬೇಕು. ಈ ಕೆಮಿಸ್ಟ್ ಎಲ್ಲವನ್ನೂ ದಶಾಂಶದಲ್ಲಿ ಮಾತಾಡುವವರು. ಮನೆ ಎಷ್ಟು ದೂರ ಎಂದರೆ "ಮೂರು ಪಾಯಿಂಟ್ ನಾಲ್ಕು ಕಿಲೋಮೀಟರ್" ಎನ್ನುವ ಆಸಾಮಿ. ಅಕ್ಕ ಅವರಿಗೆ ಪಾಯಿಂಟ್ ಸಾರ್ ಎಂದು ಹೆಸರಿಟ್ಟಿದ್ದಳು. ಅದೇ ನಿಂತಿತು.

ಕೋಣೆ ತುಂಬ ಯಂತ್ರಗಳಿದ್ದರೂ ಪರೀಕ್ಷೆ ನಿಂತಿದ್ದುದು ಅಕ್ಕನ ಕೈಯ ಮೇಲೆ. ಈ ರಾಸಾಯನಿಕಗಳು ಇಲ್ಲದ ಜಾಗವಿಲ್ಲ. ನೆಲಹಾಸಿನಲ್ಲಿವೆ, ವೈರಿನಲ್ಲಿವೆ, ಧೂಳಿನಲ್ಲಿವೆ, ಕ್ರೀಮು ಹಚ್ಚಿದ ಬೆರಳಿನಲ್ಲಿವೆ. ಪರೀಕ್ಷೆಯ ಸೀಸೆಗೆ ಒಂದು ಚೂರು ಅಂಟಿದರೂ ಯಂತ್ರ ಅದನ್ನು ಆಟಿಕೆಯ ತಲೆಗೇ ಕಟ್ಟುತ್ತದೆ. ಹಾಗಾಗಿ ಅಕ್ಕ ಒಂದೊಂದು ಸೀಸೆಯನ್ನೂ ಸೋಪಿನಲ್ಲಿ ತೊಳೆದು, ಫರ್ನೇಸಿನಲ್ಲಿ ಕಾಯಿಸಿ, ಆರಿದ ಮೇಲೆ ಪೆಟ್ರೋಲಿನಂತೆ ಹಾರಿಹೋಗುವ ಸಾಲ್ವೆಂಟಿನಲ್ಲಿ ಮೂರು ಸಲ ಜಾಲಿಸಿ, ಬಾಯಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಇಡುತ್ತಿದ್ದಳು. ಪ್ರತಿ ಪರೀಕ್ಷೆಯ ಜೊತೆಗೂ ಒಂದು ಖಾಲಿ ಸೀಸೆ ಹೋಗುತ್ತದೆ. ಅದಕ್ಕೆ ಆಟಿಕೆ ಇಲ್ಲ, ಡಬ್ಬಿ ಇಲ್ಲ, ಬರೀ ದ್ರವ. ಯಂತ್ರ ಅದಕ್ಕೆ ಸೊನ್ನೆ ಕೊಡಬೇಕು. ಸೊನ್ನೆ ಬಂದರೆ ಉಳಿದ ಅಂಕಿಗಳನ್ನು ನಂಬಬಹುದು. ಎಂಟನೇ ತರಗತಿಗೆ ಶಾಲೆ ಬಿಟ್ಟು, ಕಸ ಗುಡಿಸಲು ಸೇರಿ, ಒಡೆದ ಗಾಜು ಹೆಕ್ಕುತ್ತ ಹೆಕ್ಕುತ್ತ ಗಾಜಿನ ಕೋಣೆಗೆ ಬಂದವಳು ಅವಳು. ಮೂವತ್ತೊಂದು ವರ್ಷ ಆ ಸೊನ್ನೆಯನ್ನು ಕಾಯ್ದಳು.

ಕಾಯುವುದೆಂದರೆ ಸುಮ್ಮನೆ ಅಲ್ಲ. ತಪಾಸಣೆಗೆಂದು ಬಂದ ದೊಡ್ಡ ಅಧಿಕಾರಿಯೊಬ್ಬರನ್ನು ಬಾಗಿಲಲ್ಲೇ ತಡೆದು, "ಸೆಂಟು ಹಾಕ್ಕೊಂಡು ಒಳಗೆ ಬರಂಗಿಲ್ಲ ಸಾರ್, ಕಿಟಕಿಯಿಂದಲೇ ತಪಾಸಣೆ ಮಾಡ್ಕೊಳ್ಳಿ" ಎಂದವಳು. ಇನ್ನೊಮ್ಮೆ ಖಾಲಿ ಸೀಸೆಯಲ್ಲಿ ಒಂದು ವಾರ ಸೊನ್ನೆಯೇ ಬರಲಿಲ್ಲ. ಪಾಯಿಂಟ್ ಸಾರ್ ಯಂತ್ರ ಬಿಚ್ಚಿದರು, ಕಟ್ಟಿದರು, ಮತ್ತೆ ಬಿಚ್ಚಿದರು. ಅಕ್ಕ ಕೋಣೆಯನ್ನು ಒಂದು ಸುತ್ತು ಹಾಕಿ, ಹೊಸದಾಗಿ ಬಂದಿದ್ದ ಮೆತ್ತನೆಯ ರೆಕ್ಸಿನ್ ಕುರ್ಚಿಯನ್ನು ಮೂಸಿ, ಅದನ್ನು ದರದರ ಎಳೆದು ಮೆಟ್ಟಿಲ ಕೆಳಗೆ ಬಿಟ್ಟು ಬಂದಳು. ಎರಡು ದಿನಕ್ಕೆ ಸೊನ್ನೆ ಬಂತು. "ಪ್ಲಾಸ್ಟಿಕ್ಕಲ್ಲಿ ಗಟ್ಟಿ ಇರೋದನ್ನ ಒಂದು ಸಲ ಅನುಮಾನಿಸು, ಮೆತ್ತಗಿರೋದನ್ನ ಹತ್ತು ಸಲ ಅನುಮಾನಿಸು. ಅದು ತಾನಾಗೇ ಮೆತ್ತಗಿಲ್ಲ ಕಣೇ, ಅದಕ್ಕೆ ಏನೋ ಕುಡಿಸಿದಾರೆ" ಎಂದು ನನಗೆ ಪಾಠ ಹೇಳಿದಳು. ಆ ಕುರ್ಚಿ ನನ್ನ ಪಾಲಿಗೆ ಬಂತು. ಈಗಲೂ ಅದರಲ್ಲೇ ಕೂತಿದ್ದೇನೆ.

ಅವಳ ಕೈಗಳನ್ನು ನೋಡಿದರೆ ಸಂಕಟವಾಗುತ್ತಿತ್ತು. ಸಾಲ್ವೆಂಟು ಚರ್ಮದ ಎಣ್ಣೆಯನ್ನೆಲ್ಲ ಹೀರಿ, ಬೆರಳುಗಳ ಗೆಣ್ಣು ಒಡೆದು ರಕ್ತ ಜಿನುಗುತ್ತಿತ್ತು. ಕೆಲಸಕ್ಕೆ ನೀಲಿ ಗ್ಲೌಸು ಹಾಕುತ್ತಿದ್ದಳು, ಆದರೆ ಒಡೆದ ಕೈಗೆ ಕ್ರೀಮು ಹಚ್ಚುವ ಹಾಗಿಲ್ಲ. ಮನೆಯಲ್ಲೂ ಹಚ್ಚುತ್ತಿರಲಿಲ್ಲ. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ, ನಿಂಗೆ ಕೈ ಶುಚಿಯಾದ್ರೂ ಬಾಯಿಗೆ ಏನೂ ಸಿಗ್ಲಿಲ್ಲವಲ್ಲ ಅಕ್ಕಾ" ಎಂದು ನಾನು ರೇಗಿಸುತ್ತಿದ್ದೆ. ಅವಳು ನಗುತ್ತಿದ್ದಳು, ಆ ಕೈಯಿಂದಲೇ ನನ್ನ ತಲೆಗೆ ಒಂದು ಮೊಟಕುತ್ತಿದ್ದಳು.

ನಾನು ಹೇಳಹೊರಟ ವರ್ಷ ಅವಳ ನಗು ನಿಂತಿತು. ಮಗಳು ಮತ್ತು ಮೊಮ್ಮಗಳು ಅವಳ ಜೊತೆಗೇ ಇದ್ದರು. ಮಗಳು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು, ಬರುವುದು ರಾತ್ರಿಗೆ. ಹಾಗಾಗಿ ಮೊಮ್ಮಗಳನ್ನು ಬೆಳೆಸಿದ್ದು ಹೆಚ್ಚುಕಮ್ಮಿ ಅಜ್ಜಿಯೇ. ಎಲ್ಲರೂ ಪುಟ್ಟಿ ಎಂದು ಕರೆಯುವ ಆ ಮಗುವಿಗೆ ಏಳೂವರೆ ವರ್ಷ. ಸ್ನಾನ ಮಾಡಿಸುವಾಗ ಎದೆಯ ಒಂದು ಬದಿಯಲ್ಲಿ ಗಂಟು ಕೈಗೆ ಸಿಕ್ಕಿತು. ಅಕ್ಕನ ಜೀವ ಬಾಯಿಗೆ ಬಂತು. ಆಸ್ಪತ್ರೆಯಲ್ಲಿ ರಕ್ತ ನೋಡಿ, ಮೂಳೆಯ ವಯಸ್ಸು ತಿಳಿಯಲು ಮುಂಗೈಯ ಎಕ್ಸ್‌ರೇ ತೆಗೆದು, ಭಯಪಡುವ ಗಂಟಲ್ಲ, ಮಗು ದೊಡ್ಡವಳಾಗುವ ಬದಲಾವಣೆ ತುಂಬ ಬೇಗ ಶುರುವಾಗಿದೆ ಎಂದರು.

"ಯಾಕೆ ಹೀಗಾಯ್ತು ಡಾಕ್ಟ್ರೇ?" ಎಂದು ಅಕ್ಕ ಕೇಳಿದಳು.

"ಇಂಥದ್ದೇ ಕಾರಣ ಅಂತ ಬೆರಳಿಟ್ಟು ತೋರ್ಸೋಕಾಗಲ್ಲಮ್ಮ. ತುಂಬ ಮಕ್ಕಳಲ್ಲಿ ಕಾರಣ ಸಿಗೋದೇ ಇಲ್ಲ. ಪ್ಲಾಸ್ಟಿಕ್ಕು, ಕ್ರೀಮುಗಳಲ್ಲಿರೋ ಕೆಲವು ರಾಸಾಯನಿಕಗಳ ಮೇಲೆ ಅನುಮಾನ ಇದೆ, ಗಟ್ಟಿ ಸಾಬೀತಾಗಿಲ್ಲ. ಬಿಸಿಬಿಸಿಯಾದದ್ದನ್ನ ಪ್ಲಾಸ್ಟಿಕ್ಕಿಗೆ ಹಾಕ್ಬೇಡಿ. ಮೂರು ತಿಂಗಳಿಗೊಂದು ಸಲ ಕರ್ಕೊಂಡು ಬನ್ನಿ, ಬೇಕಾದ್ರೆ ತಡೆಯೋ ಔಷಧಿ ಇದೆ."

ಮೂವತ್ತೊಂದು ವರ್ಷ ಇದೇ ಅನುಮಾನಗಳ ಸೀಸೆ ತೊಳೆದವಳಿಗೆ ಈ ಮಾತು ಹೇಗೆ ನಾಟಿರಬೇಕು. ಅಂದು ಸಂಜೆಯೇ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಹೊರಗಿಟ್ಟಳು. ಮಗಳ ಶಾಂಪೂ ಹೋಯಿತು, ಉಗುರುಬಣ್ಣ ಹೋಯಿತು, ಸ್ನಾನದ ಮನೆಯ ಪರದೆಯೂ ಹೋಯಿತು. "ಇನ್ನು ನಾನೊಬ್ಬಳು ಉಳಿದಿದೀನಿ, ನನ್ನೂ ಚೀಲಕ್ಕೆ ಹಾಕು" ಎಂದು ಮಗಳು ಜಗಳವಾಡಿದಳಂತೆ. ಕೊನೆಗೆ ಒಂದು ಲೋಟ ಉಳಿಯಿತು. ಗುಲಾಬಿ ಬಣ್ಣದ್ದು, ಮೊಲದ ಚಿತ್ರದ್ದು, ಮುಚ್ಚಳದ ಮೇಲೆ ಮೆತ್ತನೆಯ ಹೀರುಕೊಳವೆ. ಪುಟ್ಟಿ ಒಂದು ವರ್ಷದವಳಿದ್ದಾಗ ಅಜ್ಜಿಯೇ ತಂದುಕೊಟ್ಟಿದ್ದು. ಆರು ವರ್ಷ, ಬೆಳಿಗ್ಗೆ ಸಂಜೆ, ಅದರಲ್ಲೇ ಬಿಸಿ ಹಾಲು. ಕೊಳವೆಯನ್ನು ಹಲ್ಲಿನಲ್ಲಿ ಜಗಿಯದೆ ಮಗುವಿಗೆ ನಿದ್ದೆ ಬರುತ್ತಿರಲಿಲ್ಲ.

"ಮೆತ್ತಗಿರೋದನ್ನ ನಂಬಬೇಡ ಅಂತ ಊರಿಗೆಲ್ಲ ಹೇಳಿದೆ ಕಣೇ. ನನ್ನ ಮನೆಯ ಮಗುವಿನ ಬಾಯಿಗೆ ನಾನೇ ಇಟ್ಟೆ" ಎಂದು ನನ್ನ ಮೇಜಿನ ಮುಂದೆ ಅತ್ತಿಂದಿತ್ತ ನಡೆಯುತ್ತ ಹೇಳಿದಳು.

"ಮೇಲೆ 'ಮಕ್ಕಳಿಗೆ ಸುರಕ್ಷಿತ' ಅಂತ ಬರ್ದಿತ್ತಲ್ಲ ಅಕ್ಕಾ, ನೀನೇನು ಕನಸು ಕಂಡಿದ್ಯಾ?"

"ಬರೆಯೋಕೇನು, ಬರಿಯೋರ ಕೈ ಒಡೆದಿರುತ್ತಾ?"

ಶಾಲೆಯಲ್ಲಿ ಆಟದ ಬಟ್ಟೆ ಬದಲಿಸುವಾಗ ಹುಡುಗಿಯರು ಪುಟ್ಟಿಯನ್ನು ನೋಡಿ ಕಿಸಕ್ಕೆಂದಿದ್ದರು. ಅಂದಿನಿಂದ ಮಗು ಸುಡು ಬಿಸಿಲಿನಲ್ಲೂ ಸ್ವೆಟರು ಬಿಚ್ಚುತ್ತಿರಲಿಲ್ಲ. ಮಲಗುವಾಗ ಅಜ್ಜಿಯ ಕಿವಿಗೆ ಬಾಯಿಟ್ಟು, "ನಾನೇನು ತಪ್ಪು ಮಾಡ್ಬಿಟ್ಟೆ ಅಜ್ಜಿ?" ಎಂದು ಕೇಳುತ್ತಿತ್ತಂತೆ. ಒಂದು ಸಲವಲ್ಲ, ದಿನಾ. ಅಕ್ಕನಿಗೆ ಈ ಪ್ರಶ್ನೆಯನ್ನು ತಾಳಿಕೊಳ್ಳಲಾಗುತ್ತಿರಲಿಲ್ಲ. ಕೆಲಸದ ನಡುವೆ ನಲ್ಲಿ ನಿಲ್ಲಿಸಿ ಗೋಡೆ ನೋಡುತ್ತ ನಿಂತುಬಿಡುತ್ತಿದ್ದಳು, ಮರುಕ್ಷಣ ಮತ್ತೆ ದಡಬಡ.

ಹೀಗಿರುವಾಗ ಒಂದು ಸೋಮವಾರ ಅದೇ ಲೋಟ ಪರೀಕ್ಷೆಗೆ ಬಂತು. ಇನ್ಸ್‌ಪೆಕ್ಟರು ಅಂಗಡಿಯೊಂದರಿಂದ ಎತ್ತಿ ಮೊಹರು ಹಾಕಿ ಕಳಿಸಿದ್ದು, ಒಟ್ಟು ಮೂರು. ಎರಡನ್ನು ಪರೀಕ್ಷಿಸುವುದು, ಒಂದನ್ನು ತಕರಾರು ಬಂದರೆ ಇರಲಿ ಎಂದು ಕಪಾಟಿನಲ್ಲಿ ಇಡುವುದು ಕ್ರಮ. ಪೊಟ್ಟಣದ ಕಿಟಕಿಯಲ್ಲಿ ಮೊಲದ ಕಿವಿ ಕಂಡು ಅಕ್ಕನ ಮುಖ ಬಿಗಿಯಿತು. ನನ್ನ ಕೈ ಹಿಡಿದು, "ಇದನ್ನ ಹಿಡಿದ್ಬಿಟ್ರೆ ನನ್ನ ಮಗುವಿಗೆ ಒಂದು ಉತ್ತರ ಸಿಗುತ್ತೆ" ಎಂದಳು.

ಮಂಗಳವಾರ ಬೆಳಿಗ್ಗೆ ಎಂಟಕ್ಕೇ ಬಂದಿದ್ದಳು. ನನಗೂ ಅಂದು ಟೈಪಿಂಗ್ ಬಾಕಿ ಇತ್ತು. ಗಾಜಿನ ಕೋಣೆಯ ಮುಂದೆ ಹಾಯುವಾಗ ಕಿಟಕಿಯಿಂದ ನೋಡಿದೆ. ಸೀಸೆಗಳು ಆಗಲೇ ಮೂರು ಸಲ ತೊಳೆದು, ಹಾಳೆ ಸುತ್ತಿ ತಯಾರಾಗಿದ್ದವು. ಅಕ್ಕ ಲೋಟದ ಪರೀಕ್ಷೆಯ ಆರು ಸೀಸೆಗಳ ಹಾಳೆ ಬಿಚ್ಚಿ ಮತ್ತೆ ಜಾಲಿಸುತ್ತಿದ್ದಳು.

"ನಾಲ್ಕನೇ ಸಲ ಯಾಕಕ್ಕಾ?"

"ನಾಳೆ ಕಂಪನಿಯವರು ಸೀಸೆ ಸರಿಯಿರ್ಲಿಲ್ಲ ಅನ್ನಬಾರ್ದು. ನೀನು ಹೋಗು, ಉಸಿರು ಬಿಡ್ಬೇಡ ಇಲ್ಲಿ" ಎಂದಳು. ಖಾಲಿ ಸೀಸೆಯನ್ನು ಮಾತ್ರ ಮುಟ್ಟಿರಲಿಲ್ಲ. ಏನೂ ಇಲ್ಲದ್ದಕ್ಕೆ ಇನ್ನೆಷ್ಟು ತೊಳೆಯುವುದು ಎಂದು ಬಿಟ್ಟಿದ್ದಳು. ನಾನು ನನ್ನ ರೆಕ್ಸಿನ್ ಕುರ್ಚಿಗೆ ಹೋಗಿ ಕೂತೆ.

ಗುರುವಾರ ಉತ್ತರ ಬಂತು. ಮಿತಿ ಅರವತ್ತು, ಯಾವ ಅಳತೆಯಲ್ಲಿ ಎಂಬ ಗೊಡವೆ ನಮಗೆ ಬೇಡ. ಒಂದು ಲೋಟ ಎಪ್ಪತ್ತೊಂದು, ಇನ್ನೊಂದು ಎಪ್ಪತ್ತಮೂರು. ಖಾಲಿ ಸೀಸೆ ಸೊನ್ನೆ. "ಎಪ್ಪತ್ತೊಂದು ಪಾಯಿಂಟ್ ಎರಡು" ಎಂದು ಪಾಯಿಂಟ್ ಸಾರ್ ತಿದ್ದಿದರು. ಅಕ್ಕ ನನ್ನ ಹೆಗಲಿಗೆ ಗುದ್ದಿದ ಗುದ್ದಿಗೆ ಎರಡು ದಿನ ನೋವಿತ್ತು. ಅಂದು ಗಂಟೆ ಹೊಡೆಯುವ ಮುಂಚೆಯೇ ಮನೆಗೆ ಓಡಿದಳು. ಮರುದಿನ ಬಂದು ಹೇಳಿದಳು: "ಪುಟ್ಟಿಗೆ ಹೇಳ್ದೆ. ನೀನೇನೂ ತಪ್ಪು ಮಾಡಿಲ್ಲ ಮಗಳೇ, ಆ ಲೋಟ ಮಾಡಿದ್ದು, ನಾವು ಅದನ್ನ ಹಿಡಿದ್ಬಿಟ್ವಿ ಅಂತ. ಹೌದಾ ಅಜ್ಜಿ, ಹಾಗಾದ್ರೆ ನಾನಲ್ಲ ಅಲ್ವಾ ಅಂತು. ಸ್ವೆಟರು ಬಿಚ್ಚಿ ಮಲಗ್ತು ಕಣೇ."

ಅಷ್ಟು ಹೇಳಿ ಮುಖ ತಿರುಗಿಸಿ ನಲ್ಲಿ ಬಿಟ್ಟಳು. ನಾನೂ ಕಣ್ಣೊರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ.

ವರದಿಯನ್ನು ಟೈಪ್ ಮಾಡಿಟ್ಟೆ. ಸಾಹೇಬರು, ಎಂದರೆ ನಮ್ಮ ಪರೀಕ್ಷಾಲಯದ ಮುಖ್ಯಸ್ಥರು, ಪರವೂರಿಗೆ ಹೋಗಿದ್ದರು. ಸೋಮವಾರ ಮಧ್ಯಾಹ್ನ ಮೂರಕ್ಕೆ ಬಂದು ಸಹಿ ಹಾಕುವವರಿದ್ದರು. ಸಹಿಯಾದರೆ ಆದೇಶ, ಆದೇಶವಾದರೆ ಎಲ್ಲ ಅಂಗಡಿಗಳಿಂದಲೂ ಲೋಟ ವಾಪಸ್.

ಸೋಮವಾರ ಬೆಳಿಗ್ಗೆ ಅಕ್ಕ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಸುಮ್ಮನೆ ನಿಂತಳು. ಒಂದು ಕಾಲಿನಿಂದ ಇನ್ನೊಂದು ಕಾಲಿಗೂ ಭಾರ ಬದಲಿಸಲಿಲ್ಲ. ಅದನ್ನು ನೋಡಿಯೇ ನನಗೆ ದಿಗಿಲಾಯಿತು. ಕಾಗದದಲ್ಲಿ ಸುತ್ತಿದ್ದ ಏನನ್ನೋ ಬಿಚ್ಚಿ ಮೇಜಿನ ಮೇಲಿಟ್ಟಳು. ಎರಡು ಗ್ಲೌಸು, ಕ್ಯಾಂಟೀನಿನವರು ಹಾಕಿಕೊಳ್ಳುವ ತೆಳ್ಳನೆಯ, ಬಣ್ಣವಿಲ್ಲದ ಜಾತಿಯವು. ಆದರೆ ಅವು ಮೇಜಿನ ಮೇಲೆ ಚಪ್ಪಟೆಯಾಗಿ ಮಲಗಲಿಲ್ಲ. ಒಣಗಿದ ಕಿತ್ತಳೆ ಸಿಪ್ಪೆಯ ಹಾಗೆ ಸೆಟೆದು, ಐದೂ ಬೆರಳು ಮೇಲೆ ಮಾಡಿಕೊಂಡು ನಿಂತವು.

"ಏನಿದು?"

"ನಿನ್ನೆ ಏಪ್ರನ್ ಒಗೆಯೋಕೆ ತಗೊಂಡೆ. ಜೇಬಲ್ಲಿ ಸಿಕ್ತು" ಎಂದಳು. "ಮಂಗಳವಾರ ಬೆಳಿಗ್ಗೆ ನೀಲಿ ಗ್ಲೌಸು ಹರಿದೋಯ್ತು. ಬೆರಳಲ್ಲಿ ರಕ್ತ ಬರ್ತಿತ್ತು. ಸ್ಟೋರು ತೆಗೆಯೋದು ಹತ್ತಕ್ಕೆ. ನಂಗೆ ತಡ್ಕೊಳ್ಳೋಕಾಗ್ಲಿಲ್ಲ. ಕ್ಯಾಂಟೀನಿಂದ ಇದನ್ನ ತಂದು ಹಾಕ್ಕೊಂಡೆ. ಬೇಲಿನೇ ಎದ್ದು ಹೊಲ ಮೇಯ್ತು ಕಣೇ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ಗ್ಲೌಸು ಮೆತ್ತಗಿತ್ತು, ಈಗ ಬಿರುಸಾಗಿದೆ. ಅದನ್ನು ಮೆತ್ತಗಿಟ್ಟಿದ್ದ ಪದಾರ್ಥ, ನಾವು ಹುಡುಕುತ್ತಿದ್ದ ಅದೇ ಪದಾರ್ಥ, ಸಾಲ್ವೆಂಟಿನ ಜೊತೆ ಇಳಿದುಹೋಗಿತ್ತು. ಇಳಿದದ್ದು ಆ ಆರು ಸೀಸೆಗಳೊಳಗೆ. ನಾಲ್ಕನೆಯ ಸಲ ತೊಳೆಯದಿದ್ದ ಖಾಲಿ ಸೀಸೆ ಮಾತ್ರ ಶುದ್ಧ. ಅತಿಯಾದರೆ ಅಮೃತವೂ ವಿಷ ಎಂದು ನಾವು ಎಷ್ಟೊಂದು ಸಲ ಸುಮ್ಮಸುಮ್ಮನೆ ಹೇಳುತ್ತೇವೆ. ಅಂದು ಆ ಮಾತು ಬಾಯಿಗೆ ಬಂದರೂ ಆಡಲು ಮನಸ್ಸಾಗಲಿಲ್ಲ.

ಆಮೇಲೆ ನಾನು ಆಡಿದ ಮಾತಿಗೆ ನನಗೆ ಇಂದಿಗೂ ನಾಚಿಕೆ. ಆದರೂ ಬರೆಯುತ್ತೇನೆ. ಬಾಗಿಲು ಮುಂದೆ ಮಾಡಿ ಹೇಳಿದೆ: "ಇದನ್ನ ಯಾರಿಗಾದ್ರೂ ತೋರ್ಸಿದ್ಯಾ? ಇಲ್ಲ ತಾನೇ? ಕೊಡು, ಕಸಕ್ಕೆ ಹಾಕ್ತೀನಿ. ಖಾಲಿ ಸೀಸೆ ಸೊನ್ನೆ ತೋರ್ಸಿದೆ, ಇನ್ನು ಯಾರಪ್ಪನಿಗೂ ಗೊತ್ತಾಗಲ್ಲ. ಮಕ್ಕಳ ಬಾಯಿಗೆ ಇಂಥದ್ದು ಇಟ್ಟು ಮಾರೋರ ಮೇಲೆ ನಿಂಗ್ಯಾಕೆ ಕನಿಕರ?"

"ಕನಿಕರ ಅವ್ರ ಮೇಲಲ್ಲ."

"ಮತ್ತೆ? ಪುಟ್ಟಿಗೆ ಏನು ಹೇಳ್ತೀಯ?"

ಆ ಏಟು ನಾಟಿತು. ಅವಳು ಕಿಟಕಿಯವರೆಗೆ ಹೋದಳು, ಬಂದಳು, ಮತ್ತೆ ಹೋದಳು. ಅಂದು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅವಳು ಬಾಗಿಲ ಹೊರಗಿನ ಪಡಸಾಲೆಯಲ್ಲಿ ಎಷ್ಟು ಸಲ ತಿರುಗಿದಳೋ ಲೆಕ್ಕವಿಲ್ಲ. ನಾನು ಮುಳ್ಳಿನ ಮೇಲೆ ಕೂತಂತೆ ಕೂತಿದ್ದೆ. ಅವಳ ಚಪ್ಪಲಿಯ ಸದ್ದು ಹತ್ತಿರ ಬಂದಾಗಲೆಲ್ಲ ಬೆರಳು ತಪ್ಪು ಅಕ್ಷರ ಒತ್ತುತ್ತಿತ್ತು. ಒಂದು ಸಲ ಬಾಗಿಲಲ್ಲಿ ತಲೆ ಹಾಕಿ, "ಲೋಟದಲ್ಲಿ ನಿಜವಾಗ್ಲೂ ಜಾಸ್ತಿನೇ ಇರ್ಬೋದು ಅಲ್ವಾ?" ಎಂದಳು. "ಇದ್ದೇ ಇರುತ್ತೆ" ಎಂದೆ. ಹೋದಳು. ಇನ್ನೊಂದು ಸಲ ಬಂದು, "ಇದ್ರೆ, ಇನ್ನೊಂದು ಸಲ ನೋಡಿದ್ರೂ ಇರುತ್ತೆ ತಾನೇ" ಎಂದಳು.

ಸಾಹೇಬರು ಮೂರಕ್ಕೆ ಬಂದರು. ನಾನು ಕಡತ ಹಿಡಿದು ಹೋದರೆ ಅಕ್ಕ ಆಗಲೇ ಅವರ ಕೋಣೆಯಲ್ಲಿದ್ದಳು. ಪಾಯಿಂಟ್ ಸಾರ್ ಕೂಡ. ಗ್ಲೌಸು ಸಾಹೇಬರ ಮೇಜಿನ ಮೇಲೆ ಕೈಯೆತ್ತಿ ನಿಂತಿತ್ತು.

"ಮೂವತ್ತು ವರ್ಷದ ಅನುಭವ ಅಂತೀರಿ. ಹೊಸಬರು ಮಾಡೋ ತಪ್ಪಲ್ಲ ಇದು" ಎಂದರು ಸಾಹೇಬರು.

"ಹೊಸಬರು ಮಾಡಲ್ಲ ಸಾರ್. ಅವ್ರು ಮೂರೇ ಸಲ ತೊಳೀತಾರೆ" ಎಂದಳು ಅಕ್ಕ.

ಪಾಯಿಂಟ್ ಸಾರ್ ತಲೆ ತಗ್ಗಿಸಿದರು. ಸಾಹೇಬರು ಬೈದರು, ಬಯ್ಯಬೇಕಾದ್ದೇ. ನಾಲ್ಕು ದಿನ ಅಕ್ಕ ಗಾಜಿನ ಕೋಣೆಗೆ ಕಾಲಿಡಕೂಡದು ಎಂದರು. ಕಪಾಟಿನಲ್ಲಿದ್ದ ಮೂರನೆಯ ಲೋಟದ ಮೊಹರು ಒಡೆದು, ಪಾಯಿಂಟ್ ಸಾರ್ ತಮ್ಮ ಕೈಯಾರೆ ಸೀಸೆ ತೊಳೆದು ಪರೀಕ್ಷೆ ಶುರುಮಾಡಿದರು. ಅವರು ತೊಳೆದ ಸೀಸೆಯಲ್ಲಿ ಎರಡು ಸಲ ಸೊನ್ನೆ ಬರಲಿಲ್ಲ. ಅಕ್ಕ ಗಾಜಿನ ಕೋಣೆಯ ಬಾಗಿಲ ಹೊರಗೆ, ಮಗುವನ್ನು ಆಸ್ಪತ್ರೆಯೊಳಗೆ ಬಿಟ್ಟವಳ ಹಾಗೆ ಚಡಪಡಿಸುತ್ತ, "ಹಾಳೆಯ ಒಳಮೈ ಮುಟ್ಬೇಡಿ ಸಾರ್. ಬಗ್ಗಿಸಿ ಹಿಡೀರಿ. ಆ ತೋಳು ಮಡಚ್ಕೊಳ್ಳಿ ಮೊದ್ಲು" ಎಂದು ಹೇಳಿಕೊಟ್ಟಳು. ಮೂರನೆಯ ಸಲ ಸೊನ್ನೆ ಬಂತು.

ಗುರುವಾರ ಮಧ್ಯಾಹ್ನ ಲೋಟದ ಅಂಕಿ ಬಂತು. ಐವತ್ತನಾಲ್ಕು.

ಮಿತಿ ಅರವತ್ತು. ನಮ್ಮ ವರದಿಯ ನಮೂನೆಯಲ್ಲಿ ಅಂಕಿಗೆ ಜಾಗವಿಲ್ಲ. ಮಿತಿಯೊಳಗಿದೆ, ಮಿತಿ ಮೀರಿದೆ ಎಂಬ ಎರಡು ಚೌಕ. ನಾನು ಮೊದಲನೆಯದಕ್ಕೆ ಗುರುತು ಹಾಕಬೇಕು. ಅಕ್ಕ ನನ್ನ ಹಿಂದೆ ಬಂದು ಪರದೆಯನ್ನು ನೋಡುತ್ತಿದ್ದಳು.

"ಐವತ್ತನಾಲ್ಕು ಅಂತ ಬರೆಯಲ್ವಾ?"

"ನಮೂನೆಯಲ್ಲಿಲ್ಲ ಅಕ್ಕಾ."

ಪಾಯಿಂಟ್ ಸಾರ್ ಬಾಗಿಲಲ್ಲಿ ನಿಂತಿದ್ದರು. ಅಕ್ಕ ಅವರತ್ತ ತಿರುಗಿದಳು. "ಸಾರ್, ಒಂದು ಲೋಟದಲ್ಲಿ ಐವತ್ತನಾಲ್ಕು ಸರಿ ಅಂತೀರಿ, ಆಗ್ಲಿ. ಅದೇ ಮಗು ಊಟದ ಡಬ್ಬಿ ಮುಟ್ಟುತ್ತೆ. ಚೀಲ, ಚಪ್ಪಲಿ, ಗೊಂಬೆ, ತಲೆಗೆ ಶಾಂಪೂ. ಒಂದೊಂದೂ ಮಿತಿಯೊಳಗೇ ಇರ್ಲಿ. ಎಲ್ಲಾ ಸೇರಿಸಿದ್ರೆ ಎಷ್ಟಾಗುತ್ತೆ? ಅದನ್ನೊಂದು ನೋಡಿ ಹೇಳಿ."

"ನಮಗೆ ಬರೋದು ಒಂದೊಂದೇ ವಸ್ತು ಅಕ್ಕಾ. ಒಂದು ಮಗು ಇಡೀ ದಿನ ಮುಟ್ಟಿದ್ದನ್ನೆಲ್ಲ ಒಟ್ಟಿಗೆ ನೋಡೋಕೆ ನಮ್ಮಲ್ಲಿ ನಮೂನೆನೇ ಇಲ್ಲ" ಎಂದರು. ಅವರ ಮಾತಿನಲ್ಲಿ ದಶಾಂಶವಿರಲಿಲ್ಲ.

ನಾನು ಚೌಕಕ್ಕೆ ಗುರುತು ಹಾಕಿದೆ. ಆಮೇಲೆ ಏನನ್ನಿಸಿತೋ, ಷರಾ ಎಂಬ ಸಾಲಿನಲ್ಲಿ, ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ತುಂಬದ ಸಾಲು ಅದು, 'ಕಂಡುಬಂದದ್ದು 54, ಮಿತಿ 60' ಎಂದು ಹೊಡೆದೆ. ಸಾಹೇಬರು ಓದಿದರು, ನನ್ನನ್ನು ನೋಡಿದರು, ಸಹಿ ಹಾಕಿದರು. ಅದರಿಂದ ಯಾವ ಲೋಟವೂ ಅಂಗಡಿಯಿಂದ ಕೆಳಗಿಳಿಯಲಿಲ್ಲ.

ಸಂಜೆ ಹೊರಡುವಾಗ ಅಕ್ಕ, "ನೀನೂ ಬಾ. ಒಬ್ಬಳೇ ಹೇಳೋಕೆ ನಂಗಾಗಲ್ಲ" ಎಂದಳು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತೇ ಬಂದಳು. ನಾನು ಅವಳ ಪಾಲಿನದೂ ಸೇರಿಸಿ ಕೂತಿದ್ದೆ.

ಅವಳದು ಮೂರನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ. ಡಬ್ಬಿಗಳಿಲ್ಲದ ಅಡುಗೆಮನೆಯ ಹಲಗೆಯ ಮೇಲೆ ಗಾಜಿನ ಬರಣಿಗಳು ಸಾಲಾಗಿ ನಿಂತಿದ್ದವು, ನಮ್ಮ ಪರೀಕ್ಷಾಲಯವನ್ನೇ ತಂದಿಟ್ಟಂತಿತ್ತು. ಪುಟ್ಟಿ ಕಿಟಕಿಯ ಕೆಳಗೆ ಲೆಕ್ಕ ಮಾಡುತ್ತಿತ್ತು. ತೋಳಿಲ್ಲದ ಅಂಗಿ ಹಾಕಿತ್ತು. ಸ್ವೆಟರು ಮೊಳೆಯಲ್ಲಿ ನೇತಾಡುತ್ತಿತ್ತು. ನನಗೆ ಅದನ್ನು ನೋಡಲಾಗಲಿಲ್ಲ.

ಅಕ್ಕ ಹಾಲು ಕಾಯಿಸಿದಳು. ಸ್ಟೀಲಿನ ಲೋಟಕ್ಕೆ ಹಾಕಿ ಕೊಟ್ಟಳು. ಒಲೆ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಕೊನೆಗೆ ಮಗುವಿನ ಮುಂದೆ ನಿಂತು ಹೇಳಿದಳು: "ಪುಟ್ಟಿ, ಆ ಮೊಲದ ಲೋಟ ಮಾಡಿದ್ದು ಅಂತ ಹೇಳಿದ್ನಲ್ಲ. ಅದು ತಪ್ಪಾಯ್ತು ಮಗಳೇ. ಪರೀಕ್ಷೆ ಮಾಡುವಾಗ ಅಜ್ಜಿ ಒಂದು ಎಡವಟ್ಟು ಮಾಡಿದ್ಲು. ಇನ್ನೊಂದು ಸಲ ನೋಡಿದ್ರೆ, ಲೋಟ ಕಾನೂನಿನ ಪ್ರಕಾರ ಸರಿಯಾಗೇ ಇದೆಯಂತೆ."

ಮಗು ಲೋಟವನ್ನು ಕೆಳಗಿಟ್ಟಿತು. ಅಜ್ಜಿಯನ್ನು ನೋಡಿತು, ನನ್ನನ್ನು ನೋಡಿತು.

"ಹಾಗಾದ್ರೆ ನಾನೇನಾ?"

ಆಗ ಕೂತಳು ಸೀಸೆಯಕ್ಕ. ಕುರ್ಚಿಯ ಮೇಲಲ್ಲ, ನೆಲದ ಮೇಲೆ, ಮಗುವಿನ ಎದುರಿಗೆ. ಆಮೇಲೆ ಚೀಲಕ್ಕೆ ಕೈ ಹಾಕಿ, ಆ ಕಾಗದದ ಪೊಟ್ಟಣ ತೆಗೆದು, ಗ್ಲೌಸನ್ನು ಮಗುವಿನ ತೊಡೆಯ ಮೇಲಿಟ್ಟಳು.

"ಮುಟ್ಟು. ಇದು ಬೆಣ್ಣೆ ಹಂಗೆ ಮೆತ್ತಗಿತ್ತು. ಒಳಗಿದ್ದದ್ದು ಹೊರಗೆ ಹೋಗಿ ಹೀಗಾಗಿದೆ. ಹೋಗೋದು ಕಣ್ಣಿಗೆ ಕಾಣ್ಲಿಲ್ಲ, ವಾಸನೆ ಬರ್ಲಿಲ್ಲ. ಇದನ್ನೇ ಕಾಯೋ ಕೆಲ್ಸ ನಂದು, ನೀನು ಹುಟ್ಟೋಕೆ ಮುಂಚಿಂದ, ನಿಮ್ಮಮ್ಮ ಚಿಕ್ಕೋಳಿದ್ದಾಗಿಂದ. ನಂಗೇ ಕಾಣ್ಲಿಲ್ಲ. ನಿಂಗೆ ಹೇಗೆ ಕಾಣುತ್ತೆ? ನೀನಲ್ಲ ಮಗಳೇ. ಯಾವ್ದು ಅಂತ ನಂಗೊತ್ತಿಲ್ಲ, ಡಾಕ್ಟ್ರಿಗೂ ಗೊತ್ತಿಲ್ಲ. ನೀನಲ್ಲ ಅನ್ನೋದು ಮಾತ್ರ ಗೊತ್ತು."

ಪುಟ್ಟಿ ಗ್ಲೌಸಿನೊಳಗೆ ಕೈ ತೂರಿಸಲು ನೋಡಿತು. ಹೆಬ್ಬೆರಳು ಚಟ್ಟನೆ ಮುರಿಯಿತು. ಮುರಿದ ಚೂರನ್ನು ಹಿಡಿದುಕೊಂಡು ಯೋಚಿಸುತ್ತಿತ್ತು.

"ನೀನು ತಪ್ಪು ಮಾಡಿದ್ದು ಯಾರು ಕಂಡ್ಹಿಡಿದ್ರು ಅಜ್ಜಿ?"

"ಯಾರೂ ಇಲ್ಲ. ನಾನೇ ಹೋಗಿ ಹೇಳ್ದೆ."

"ಬೈದ್ರಾ?"

"ಚೆನ್ನಾಗಿ ಬೈದ್ರು."

"ಲೋಟ ಮಾಡಿದವ್ರೂ ಹೋಗಿ ಹೇಳಿದ್ರಾ? ಒಳಗೆ ಐವತ್ತು ಅರವತ್ತು ಏನೇನಿದೆ ಅಂತ?"

ಅಂಕಿ ಅದರ ಕಿವಿಗೆ ಯಾವಾಗ ಬಿದ್ದಿತ್ತೋ. ಅಕ್ಕ ತನ್ನ ಒಡೆದ ಬೆರಳುಗಳಿಂದ ಮಗುವಿನ ಕೈ ಬಿಡಿಸಿ ಆ ಚೂರನ್ನು ತೆಗೆದುಕೊಂಡಳು.

"ಅವ್ರನ್ನ ಇನ್ನೂ ಯಾರೂ ಕೇಳಿಲ್ಲ ಮಗಳೇ" ಎಂದಳು.

ಮಗು ಎದ್ದು ಹೋಗಿ ಮೊಳೆಯಲ್ಲಿದ್ದ ಸ್ವೆಟರನ್ನು ತೆಗೆದುಕೊಂಡಿತು. ಹಾಕಿಕೊಳ್ಳುತ್ತದೆ ಎಂದುಕೊಂಡೆ. ಅದನ್ನು ಮಡಚಿ ಅಜ್ಜಿಯ ಹತ್ತಿರ ನೆಲದ ಮೇಲೆ ಹಾಸಿ, "ಕೆಳಗೆ ತಣ್ಣಗಿದೆ, ಇದ್ರ ಮೇಲೆ ಕೂತ್ಕೋ ಅಜ್ಜಿ" ಎಂದಿತು.